ರಾಜನ ಕೆನ್ನೆಗೆ ಬಿದ್ದ ಏಟು

ವಸ್ತುಸಂಗ್ರಹಾಲಯದ ಬೀಗದ ಕೈಗೊಂಚಲನ್ನು ಇಪ್ಪತ್ತೆರಡು ವರ್ಷ ಸೊಂಟಕ್ಕೆ ಕಟ್ಟಿಕೊಂಡು ಓಡಾಡಿದರೂ ಬೀಗದಣ್ಣ ಅಲ್ಲಿಂದ ಒಂದು ಗುಂಡುಸೂಜಿಯನ್ನೂ ಮನೆಗೆ ಒಯ್ದವನಲ್ಲ. ಅಂಥವನ ತಲೆಗೆ ಆ ಬೆಳಗ್ಗೆ ರಾಜನ ಕೆನ್ನೆ ಕಟ್ಟಿದರು.

ಸಂಜೆ ಹಳೆಯ ನಾಣ್ಯಗಳನ್ನು ಬಲ್ಲ ಮೇಡಂ ಒಬ್ಬರು ಬರುವವರಿದ್ದರು. ಅದಕ್ಕೆಂದು ಬೀಗದಣ್ಣ ಪೆಟ್ಟಿಗೆಯಿಂದ ಬೆಳ್ಳಿ ನಾಣ್ಯ ತೆಗೆದು ಬಟ್ಟೆಯಿಂದ ಒರೆಸಿದ. ಧೂಳು ಹೋದದ್ದೇ, ರಾಜನ ಕೆನ್ನೆಯ ಮೇಲೊಂದು ಕಚ್ಚು ಕಂಡಿತು. ಅದನ್ನು ಮೊದಲು ಕಂಡವಳು ಟಿಕೆಟ್ ಕೊಡುವ ಅಮ್ಮ.

"ಏನ್ ಬೀಗದಣ್ಣ, ರಾಜನ ಕೆನ್ನೆನೇ ಕೊಯ್ದುಬಿಟ್ರಲ್ಲ."

"ಬಟ್ಟೇಲಿ ಒರೆಸಿದ್ದಮ್ಮ. ಬಟ್ಟೆ ಬೆಳ್ಳಿ ಕೊಯ್ಯುತ್ತಾ?"

ನ್ಯಾಯವಾದ ಪ್ರಶ್ನೆ. ಆದರೆ ನ್ಯಾಯ ಯಾರಿಗೆ ಬೇಕಿತ್ತು? ಸಾವಿರಾರು ವರ್ಷ ನೆಟ್ಟಗಿದ್ದದ್ದು ಇವನ ಕೈ ತಾಗಿ ಹಾಳಾಯಿತೆಂದ ಟೈಪಿಸ್ಟು. ನಿವೃತ್ತಿಗೆ ಎಂಟೇ ತಿಂಗಳಿತ್ತು, ಇನ್ನು ಪಿಂಚಣಿ ಮರೆತಂತೆಯೇ ಎಂದ ಗುಮಾಸ್ತ. ಹೂದೋಟದವನೂ ಕೈ ತೊಳೆದುಕೊಂಡು ಒಳಗೆ ಬಂದು ಜೈಲಿನ ಮಾತೆತ್ತಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜನ. ಕೊನೆಗೆ, ಸಾಹೇಬರ ಕಣ್ಣಿಗೆ ಬೀಳುವ ಮೊದಲೇ ಸರಿ ಮಾಡಿಸು ಎಂದು ಎಲ್ಲರೂ ಸೇರಿ ಬುದ್ಧಿ ಹೇಳಿದರು.

ಊಟದ ಬಿಡುವಿನಲ್ಲಿ ಬೀಗದಣ್ಣ ನಾಣ್ಯವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಅಕ್ಕಸಾಲಿಗನಾದ ಭಾವಮೈದುನನ ಅಂಗಡಿಗೆ ಓಡಿದ. "ಇದೇನ್ ಮಹಾ, ಭಾವ," ಎಂದ ಅವನು ಕಚ್ಚಿಗೆ ಬೆಳ್ಳಿ ತುಂಬಿ, ಉಜ್ಜಿ, ರಾಜನ ಕೆನ್ನೆಯನ್ನು ಮದುಮಗನ ಕೆನ್ನೆಯಷ್ಟು ನುಣುಪು ಮಾಡಿಕೊಟ್ಟ.

ಸಂಜೆ ಮೇಡಂ ಭೂತಗನ್ನಡಿ ಹಿಡಿದು ನಾಣ್ಯ ನೋಡಿದರು. ತಾವು ತಂದಿದ್ದ ಹಳೆಯ ಫೋಟೋ ನೋಡಿದರು. ಅವರ ಮುಖ ಗಂಟಾಯಿತು.

"ಇದು ನಕಲಿ. ಅಸಲಿ ನಾಣ್ಯದಲ್ಲಿ ಕೆನ್ನೆ ಮೇಲೆ ಉಳಿ ಏಟಿತ್ತು."

ಆ ರಾಜ ಯುದ್ಧದ ಖರ್ಚಿಗೆ ಬೆಳ್ಳಿ ಸಾಲದೆ ಒಳಗೆ ತಾಮ್ರವಿಟ್ಟು, ಮೇಲೆ ತೆಳ್ಳಗೆ ಬೆಳ್ಳಿ ಹೊದಿಸಿ, ತನ್ನ ಮುಖ ಒತ್ತಿಸಿ, ಅಪ್ಪಟ ಬೆಳ್ಳಿಯೆಂದೇ ತೆಗೆದುಕೊಳ್ಳಿ ಎಂದು ಅಪ್ಪಣೆ ಮಾಡಿದ್ದನಂತೆ. ಎದುರು ಮಾತಾಡಲಾರದ ಯಾವನೋ ವ್ಯಾಪಾರಿ ಉಳಿ ಇಟ್ಟು ಒಳಗೇನಿದೆ ನೋಡಿದ್ದ. "ಮುಖ ರಾಜನ ಹುಕುಂ, ಏಟು ಸಂತೆಯ ಉತ್ತರ. ಆ ಏಟು ನೋಡೋಕೇ ನಾನಿಷ್ಟು ದೂರ ಬಂದಿದ್ದು," ಎಂದರು ಮೇಡಂ.

ಬೀಗದಣ್ಣನ ಮೈಯೆಲ್ಲ ಉರಿಯಿತು. ಯಾವ ಕಾಲದ ವ್ಯಾಪಾರಿಯೋ ಮಾಡಿದ್ದಕ್ಕೆ ಬೆಳಗ್ಗೆಯಿಂದ ಅವನನ್ನು ಹುರಿದು ತಿಂದಿದ್ದರು. ಬುದ್ಧಿ ಹೇಳಿದವರೆಲ್ಲ ಈಗ ಸೂರು ನೋಡುತ್ತಿದ್ದರು. ಸಾಹೇಬರು ಮಾತ್ರ ಅವನನ್ನೇ ನೋಡುತ್ತ, ಅಸಲಿ ನಾಣ್ಯ ಯಾರಿಗೆ ಮಾರಿದೆ ಎಂದು ಕೇಳಿದರು. ಕಳ್ಳ ಅನ್ನಿಸಿಕೊಳ್ಳುವುದಕ್ಕಿಂತ ವಾಸಿಯೆಂದು ಅವನು ನಡೆದದ್ದನ್ನೆಲ್ಲ ಹೇಳಿಬಿಟ್ಟ.

"ತುಂಬಿಸಿದ್ದು ನಿಜ ಆದ್ರೆ, ತೆಗೆದು ತೋರಿಸು," ಎಂದರು ಸಾಹೇಬರು.

ಭಾವಮೈದುನನ ಅಂಗಡಿಯಿಂದ ಉಳಿ ಬಂತು. ಎಲ್ಲರೆದುರು ಬೀಗದಣ್ಣ ರಾಜನ ಕೆನ್ನೆಗೆ ಒಂದೇಟು ಹಾಕಿದ. ತುಂಬಿದ್ದ ಬೆಳ್ಳಿ ಹಾರಿ, ಒಳಗಿನ ತಾಮ್ರ ಕೆಂಪಗೆ ಕಂಡಿತು. ಅಸಲಿಯೇ ಎಂದು ಮೇಡಂ ಒಪ್ಪಿದರು.

ಸಾಹೇಬರು ಅಲ್ಲೇ ಕೂತು ಅಮಾನತಿನ ಆದೇಶ ಹೇಳಿ ಬರೆಸಿದರು. ಕಾರಣ: ಕೆಲಸದ ವೇಳೆಯಲ್ಲಿ ಉಳಿಯಿಂದ ರಾಜನ ಕೆನ್ನೆ ಕೊಯ್ದದ್ದು. ಟೈಪಿಸ್ಟು ತಪ್ಪಿಲ್ಲದೆ ಹೊಡೆದುಕೊಟ್ಟ. ಸಾಕ್ಷಿಗೆ ಸಹಿ ಹಾಕುತ್ತ ಟಿಕೆಟ್ ಕೊಡುವ ಅಮ್ಮ ಅಂದಳು:

"ಬೆಳಗ್ಗೆನೇ ಹೇಳಿದ್ನಲ್ಲ."