ಬೆಟಗೇರಿಯ ಡ್ರಮ್ಮಿನಲ್ಲಿ ದೋಣಿ ಮೋಟರು

ಮನುಷ್ಯನಿಗೆ ಬೇಡದ ವಸ್ತುವಿನ ಮೇಲೆ ಇರುವಷ್ಟು ಪ್ರೀತಿ ಬೇಕಾದ ವಸ್ತುವಿನ ಮೇಲೆ ಇರುವುದಿಲ್ಲ. ನನ್ನನ್ನೇ ನೋಡಿ. ನಳದ ನೀರು ವಾರಗಟ್ಟಲೆ ಮುಖ ತೋರಿಸದ ಬೆಟಗೇರಿಯಲ್ಲಿ ಸೀರೆ ಅಂಗಡಿ ಇಟ್ಟುಕೊಂಡಿರುವ ನಾನು ಒಂದು ದೋಣಿ ಮೋಟರಿನ ಮಾಲೀಕ. ಪೂರ್ತಿ ಅಲ್ಲ, ಅರ್ಧ. ಉಳಿದರ್ಧ ಲಕ್ಷ್ಮೇಶ್ವರದಲ್ಲಿ ಶೇಂಗಾ ವ್ಯಾಪಾರ ಮಾಡುವ ನನ್ನ ಬಾಲ್ಯದ ಗೆಳೆಯ ಮಾಬುಸಾಬನದು. ಗದಗ ಹೊಸ ಜಿಲ್ಲೆಯಾದ ಹುರುಪಿನಲ್ಲಿ ಎಲ್ಲರೂ ಏನಾದರೊಂದು ಹೊಸದು ಶುರು ಮಾಡುತ್ತಿದ್ದರು. ನಾವಿಬ್ಬರು ಕಾರವಾರಕ್ಕೆ ಹೋಗಿ ಹಳೆಯ ದೋಣಿಯೊಂದನ್ನು ಮೋಟರು ಸಮೇತ ತಂದೆವು. ಮುಂಡರಗಿಯ ಆಚೆ, ತುಂಗಭದ್ರೆಯಲ್ಲಿ, ರವಿವಾರಕ್ಕೊಮ್ಮೆ ಮಾಬು ಗಾಳ ಹಾಕುತ್ತಿದ್ದ, ನಾನು ಹಾಡುತ್ತಿದ್ದೆ. ಹಾಗಾಗಿ ಒಂದು ಮೀನಿಗೂ ತೊಂದರೆಯಾಗಲಿಲ್ಲ.

ದೀಪಾವಳಿ ದಾಟಿ, ಚಳಿ ಬಿದ್ದು, ಹೊಳೆ ಇಳಿಯಿತು. ದೋಣಿಯನ್ನು ದಂಡೆಯಲ್ಲಿ ಬೋರಲು ಹಾಕಿ ಮೋಟರನ್ನು ನಮ್ಮ ಮನೆಗೆ ತಂದೆವು. ಅದನ್ನು ಹಾಗೇ ಮೂಲೆಗಿಡುವಂತಿಲ್ಲ ಎಂದು ಮಾರಿದವನು ಮೊದಲೇ ಎಚ್ಚರಿಸಿದ್ದ. ಕೆಳತುದಿಯ ಫ್ಯಾನು ಮುಳುಗುವಷ್ಟು ತಿಳಿನೀರಿನಲ್ಲಿ ನಿಲ್ಲಿಸಿ, ಹೊಟ್ಟೆಯೊಳಗಿನ ಕೆಸರು ಹೋಗುವ ತನಕ ಓಡಿಸಬೇಕು. ಒಳಗಿನ ಪೆಟ್ರೋಲು ತೀರಿ ತಾನೇ ನಿಲ್ಲಬೇಕು. ಆಮೇಲೆ ಎಣ್ಣೆ ಬಿಟ್ಟು, ಬಟ್ಟೆ ಸುತ್ತಿ ನಿಲ್ಲಿಸಬೇಕು. ನಮ್ಮಲ್ಲಿ ಬಾಣಂತಿಗೂ ಇಷ್ಟು ಉಪಚಾರ ಮಾಡುವುದಿಲ್ಲ.

ತಿಳಿನೀರು ಎಲ್ಲಿದೆ? ಮನೆಯಲ್ಲಿ ತುಂಬಿದ್ದದ್ದು ಬಳಕೆಯ ನೀರಿನ ಒಂದೇ ಒಂದು ಕಬ್ಬಿಣದ ಡ್ರಮ್ಮು. ಮರುದಿನ ಬಸುರಿ ಮಗಳ ಕುಬಸ. ಶಿರಹಟ್ಟಿಯಿಂದ ಬೀಗರು ಒಂದು ಟೆಂಪೋ ತುಂಬ ಬರುವವರಿದ್ದರು. ಅವರ ಕಾಲು ತೊಳೆಯುವುದರಿಂದ ಹಿಡಿದು ಉಂಡ ಕೈ ತೊಳೆಯುವವರೆಗೆ ಅದೇ ನೀರು. ನಳ ಮತ್ತೆ ಎಂದು ಬರುತ್ತದೆಂಬುದು ದೇವರಿಗೂ ಗೊತ್ತಿರಲಿಲ್ಲ. ನನ್ನ ಹೆಂಡತಿ ಶಾಂತಾ ಬಳೆ ತರಲು ಪೇಟೆಗೆ ಹೊರಟವಳು ನನ್ನ ಕಣ್ಣು ಎಲ್ಲಿದೆ ಎಂಬುದನ್ನು ನೋಡಿಬಿಟ್ಟಳು. “ಆ ಡ್ರಮ್ಮಿಗೆ ಕೈ ಹಚ್ಚಿದ್ರಿ ಅಂದ್ರ ನೋಡ್ರಿ ಮತ್ತ! ನಾಳೆ ಬೀಗರ ಮುಂದ ನನ್ನ ಮರ್ಯಾದಿ ಉಳಸ್ರಿ” ಎಂದಳು. ನಾನು ಗೋಣು ಹಾಕಿದೆ.

ಅವಳು ಓಣಿ ದಾಟುವುದರೊಳಗೆ ಡ್ರಮ್ಮಿಗೆ ಹಲಗೆ ಕಟ್ಟಿ ಮೋಟರು ಬಿಗಿದಾಗಿತ್ತು. ಡ್ರಮ್ಮಿನ ನೀರು ಡ್ರಮ್ಮಿನಲ್ಲೇ ತಿರುಗುತ್ತದೆ, ಎಲ್ಲಿಗೆ ಹೋದೀತು ಎಂಬುದು ನನ್ನ ವಾದ. “ಒಂದು ಹನಿ ಸೈತ ಕಡಿಮಿ ಆಗಂಗಿಲ್ಲ ದೋಸ್ತ. ಜಲ್ದಿ ಮುಗಸೂಣು” ಎಂದು ಮಾಬುವೂ ಒಪ್ಪಿದ. ಹಗ್ಗ ಜಗ್ಗಿದೆ. ಕೆಮ್ಮಿತು. ಮತ್ತೆ ಜಗ್ಗಿದೆ. ಅಬ್ಬಾ, ಅದೇನು ಗರ್ಜನೆ! ನನಗೆ ಆನಂದ ತಡೆಯಲಾಗಲಿಲ್ಲ. ಆದರೆ ಫ್ಯಾನು ಸುಮ್ಮನಿತ್ತು, ಅದು ತಿರುಗದಿದ್ದರೆ ಇದೆಂಥ ದೋಣಿ ಮೋಟರು? “ಗೇರ್ ಹಾಕಬ್ಯಾಡಲೇ!” ಎಂದು ಮಾಬು ಕೂಗಿದಾಗ ನಾನು ಗೇರು ಹಾಕಿಯಾಗಿತ್ತು.

ನೀರು ಎದ್ದು ನಿಂತಿತು. ಮಾಬುವನ್ನು ಮೀಯಿಸಿತು, ಒಣಹಾಕಿದ್ದ ಹಪ್ಪಳಗಳನ್ನು ತೇಲಿಸಿತು, ಅಂಗಳ ತುಂಬಿ ಓಣಿಯ ಗಟಾರಕ್ಕೆ ಧುಮುಕಿತು. ನಮ್ಮ ಓಣಿಯ ಗಟಾರದಲ್ಲಿ ತಿಳಿನೀರು ಹರಿದರೆ ಅದಕ್ಕೆ ಅರ್ಥ ಒಂದೇ. ಎದುರು ಮನೆಯ ಹನಮಕ್ಕ “ನಳಾ ಬಂತವ್ವೋ!” ಎಂದು ಚೀರಿದಳು. ಮನೆಮನೆಯಲ್ಲಿ ಕೊಡಗಳು ಗಣಗಣ ಎಂದವು. ಎಲ್ಲರೂ ನಳ ತಿರುವಿದರು. ಬರೀ ಗಾಳಿ ಬಂತು. ಅದೇ ಹೊತ್ತಿಗೆ ನಮ್ಮ ಅಂಗಳದಿಂದ ಮೋಟರಿನ ಸದ್ದು. ನಳಕ್ಕೆ ಪಂಪು ಹಚ್ಚಿ ನೆರೆಯವರ ಪಾಲಿನ ನೀರು ಎಳೆದುಕೊಳ್ಳುವುದಕ್ಕಿಂತ ದೊಡ್ಡ ಪಾಪ ನಮ್ಮ ಓಣಿಯಲ್ಲಿಲ್ಲ.

ಖಾಲಿ ಕೊಡಗಳ ದಂಡು ಅಂಗಳಕ್ಕೆ ನುಗ್ಗಿತು. “ಏನ್ರೀ ಅಣ್ಣಾರ, ಮಗಳ ಕುಬಸ ಐತಿ ಅಂತ ಓಣಿ ನೀರೆಲ್ಲಾ ನೀವ ಎಳಕೊಂಡ್ರ ನಾವೇನು ಗಾಳಿ ಕುಡೀಬೇಕೇನು?” ಎಂದು ಹನಮಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತಳು. ನಾನು ಮೋಟರು ಬಂದ್ ಮಾಡಿದೆ. ತೊಯ್ದು ತೊಪ್ಪೆಯಾಗಿದ್ದ ಮಾಬು ವಿನಯದಿಂದ, “ಯಕ್ಕಾ, ಇದು ನೀರು ಎಳಿಯೂ ಮೋಟರ್ ಅಲ್ಲ, ನೀರು ತಳ್ಳೂ ಮೋಟರ್” ಎಂದ. “ಎಲ್ಲಿಗೆ ತಳ್ಳಿದ್ರಿ?” ಎಂದಳು. ಅವನು ಗಟಾರದ ಕಡೆ ಬೆರಳು ಮಾಡಿದ.

ಆಗ ಬಳೆಯ ಪೊಟ್ಟಣ ಹಿಡಿದು ಶಾಂತಾ ಬಂದಳು. ಡ್ರಮ್ಮಿನೊಳಗೆ ಬಗ್ಗಿ ನೋಡಿದಳು. ತಳದಲ್ಲಿ ಒಂದಿಷ್ಟು ನೀರು, ಅದರ ಮೇಲೆ ಬಣ್ಣಬಣ್ಣದ ಎಣ್ಣೆ. ಬೈಯುತ್ತಾಳೆ ಎಂದು ತಯಾರಾಗಿ ನಿಂತಿದ್ದೆ, ಅವಳು ಕಟ್ಟೆಯ ಮೇಲೆ ಕುಳಿತು ಅತ್ತುಬಿಟ್ಟಳು. “ನಾಳೆ ಬೀಗರ ಕಾಲಿಗೆ ಏನು ಹಾಕ್ಲಿ? ಪೆಟ್ರೋಲ್ ಹಾಕ್ಲೇನು?” ಎಂದಳು. ಯಾರೋ ಕಿಸಕ್ಕೆಂದರು. ಹನಮಕ್ಕ ತಡೆದುಕೊಂಡಳು, ತಡೆದುಕೊಂಡಳು, ಕೊನೆಗೆ ಕೊಡ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣು ಒರೆಸುತ್ತ ಶಾಂತಾಳೂ ನಕ್ಕಳು.

“ಓಣಿ ಹುಡಿಗಿ ಕುಬಸ ನೀರಿಲ್ದ ನಿಲ್ಲತೈತೇನು? ಮೊದಲ ಆ ಡ್ರಮ್ಮು ಇವರ ಕಡಿಂದನ ತಿಕ್ಕಿಸವಾ” ಎಂದು ಹನಮಕ್ಕ ತೀರ್ಪು ಕೊಟ್ಟಳು. ಮೋಟರು ಬಿಚ್ಚಿ, ಸೋಡಾ ಪುಡಿ ಹಾಕಿ, ತಲೆ ಕೆಳಗೆ ಮಾಡಿ ಡ್ರಮ್ಮಿನೊಳಗೆ ಇಳಿದು ತಿಕ್ಕಿದೆ. ಹೊರಗೆ ನನ್ನ ಬೆನ್ನ ಹಿಂದೆ ಓಣಿಯವರೆಲ್ಲ ತಮಾಷೆ ಮಾಡುತ್ತಿದ್ದರು. ಆಮೇಲೆ ಮನೆಗೊಂದು ಕೊಡದಂತೆ, ತಮಗೇ ಸಾಲದ ನೀರು ತಂದು ಸುರಿದರು. ಸಂಜೆಗೆ ಡ್ರಮ್ಮು ಅಂಚಿನವರೆಗೆ ತುಂಬಿ ತುಳುಕುತ್ತಿತ್ತು.

ಮಾಬು ಮೆಲ್ಲಗೆ ಹತ್ತಿರ ಬಂದ. “ದೋಸ್ತ, ಒಳಗ ಇನ್ನೂ ಪೆಟ್ರೋಲ್ ಐತಿ. ಕೆಸರೂ ಪೂರಾ ಹೋಗಿಲ್ಲ.” ಶಾಂತಾ ಒಳಗಿನಿಂದಲೇ ಕೇಳಿಸಿಕೊಂಡಳು. “ಹನಮಕ್ಕಾ, ಬೀಗರು ಬರೂತನಕ ಈ ಡ್ರಮ್ಮಿನ ಕಾವಲಿಗೆ ನೀ ಕುಂಡ್ರವಾ. ಇವರನ್ನ ನಂಬಾಕ ಆಗಂಗಿಲ್ಲ.” ಇಷ್ಟು ವರ್ಷ ಸಂಸಾರ ಮಾಡಿದ ಗಂಡನ ಮೇಲೆ ಇಷ್ಟೂ ವಿಶ್ವಾಸವಿಲ್ಲವೇ ಎಂದು ನನಗೆ ಬಹಳ ನೋವಾಯಿತು. ಕೈಯೆತ್ತಿ ಆಣೆ ಮಾಡಿಬಿಡೋಣ ಎಂದುಕೊಂಡೆ. ಆಗಲಿಲ್ಲ; ನನ್ನ ಕೈ ಆಗಲೇ ಮೋಟರಿನ ಹಗ್ಗ ಹಿಡಿದುಕೊಂಡಿತ್ತು.