ರುರಿಕೊ ಮಿನಾಸೆ ಎಂಬ ಹೆಸರು

ಸಾಬೂನಿನ ಜಾಹೀರಾತೊಂದು ಕೊನೆಯ ಗಳಿಗೆಯಲ್ಲಿ ಕೈಕೊಟ್ಟಿದ್ದರಿಂದ ‘ಮಾಸಿಕ ಹನಾಗುಮೊ’ದ ಮೂವತ್ತನೇ ವರ್ಷದ ಸಂಚಿಕೆಯಲ್ಲಿ ಅರ್ಧ ಪುಟ ಖಾಲಿ ಉಳಿಯಿತು. ಹುಡುಗಿಯರಿಗಾಗಿ ಪ್ರೇಮದ ಕಾಮಿಕ್ಸ್ ಕತೆಗಳನ್ನು ಹಾಕುವ ಆ ಪತ್ರಿಕೆಯಲ್ಲಿ ತೊಕಿಕೊ ಅರಿಮುರಾ ಇಪ್ಪತ್ತು ವರ್ಷ ಸವೆಸಿದ್ದಳು. ಪ್ರಧಾನ ಸಂಪಾದಕ ಹಿಗಾಶಿದಾ ಅವಳನ್ನು ಕರೆದು, ಪತ್ರಿಕೆಯ ಚರಿತ್ರೆಯನ್ನು ಸಂಜೆ ಐದರೊಳಗೆ ಬರೆದುಕೊಡಬೇಕೆಂದರು. ಅವರ ಮೊಣಕೈ ಕೆಳಗೆ ಏಪ್ರಿಲ್ ತಿಂಗಳ ವರ್ಗಾವಣೆ ಪಟ್ಟಿ ಇತ್ತು. ಮೇಲಿನ ಮಹಡಿಯಲ್ಲಿದ್ದ ಮೀನು ಹಿಡಿಯುವವರ ಪತ್ರಿಕೆಗೆ ಒಬ್ಬರು ಬೇಕಾಗಿದ್ದರಂತೆ. ಎರೆಹುಳು ಕಂಡರೆ ಕುರ್ಚಿ ಹತ್ತುವ ತೊಕಿಕೊಗೆ ಆಮೇಲಿನದೇನೂ ಕೇಳಿಸಲಿಲ್ಲ.

ಹನಾಗುಮೊದ ಚರಿತ್ರೆ ಎಂದರೆ ರುರಿಕೊ ಮಿನಾಸೆ. ಮೊದಲ ಸಂಚಿಕೆಯಿಂದ ಏಳು ವರ್ಷ ನಡೆದ ಪ್ರೇಮಕತೆಯನ್ನು ಬರೆದು ಚಿತ್ರಿಸಿದವಳು ಅವಳು. ರೈಲು ನಿಲ್ದಾಣದಲ್ಲಿ ಕತೆಯ ಹುಡುಗ ಕೊನೆಗೂ ತನ್ನ ಪ್ರೀತಿಯನ್ನು ಬಾಯಿಬಿಟ್ಟು ಹೇಳುವ ಪುಟವನ್ನು ಹದಿಮೂರರ ತೊಕಿಕೊ ದಿಂಬಿನ ಕೆಳಗಿಟ್ಟುಕೊಂಡು ಮಲಗಿದ್ದಳು. ಮುಂದೆ ಬಂದ ಎರಡು ಸಂಬಂಧಗಳನ್ನು ಬೇಡವೆಂದದ್ದು, ಆ ಗಂಡಸರಿಗೆ ಹಾಗೆ ಮಾತಾಡಲು ಬರುತ್ತಿರಲಿಲ್ಲವೆಂದು. ಆದರೆ ಆ ರುರಿಕೊ ಯಾರು? ಕಡತದಲ್ಲಿ ಫೋಟೊ ಇಲ್ಲ, ವಿಳಾಸ ಇಲ್ಲ.

ಕೇಳದೇ ಇದ್ದವರೂ ನೆರವಿಗೆ ಬಂದರು. ಬಾಗಿಲ ಬಳಿ ಕೂರುವ ಹೆಂಗಸು, ರುರಿಕೊ ಕಡ್ಡಿಯಂತಿದ್ದಳು, ಸದಾ ಕೆಮ್ಮುತ್ತಿದ್ದಳು ಎಂದಳು. ಊಟದ ಮನೆಯ ಅಜ್ಜಿ, ಒಂದೇ ಸಲಕ್ಕೆ ಮೂರು ಬಟ್ಟಲು ನೂಡಲ್ಸ್ ಮುಗಿಸುವ ದಪ್ಪನೆಯ ಹೆಂಗಸು ಎಂದು ಆಣೆ ಇಟ್ಟಳು. ಕರಡು ತಿದ್ದುವ ಸೊನೊಬೆಯ ಪ್ರಕಾರ ರುರಿಕೊ ಒಬ್ಬಳಲ್ಲ, ಇಬ್ಬರು ಜಗಳಗಂಟಿ ಅಕ್ಕತಂಗಿಯರು. ಮಧ್ಯಾಹ್ನದ ಹೊತ್ತಿಗೆ ಜನರ ಬಾಯಲ್ಲಿ ರುರಿಕೊ ಒಮ್ಮೆ ಸತ್ತು, ಎರಡು ಸಲ ಮದುವೆಯಾಗಿದ್ದಳು. ತೊಕಿಕೊಳ ತಲೆ ಬೆಕ್ಕು ಆಡಿದ ಉಣ್ಣೆಯುಂಡೆಯಾಗಿತ್ತು.

“ಮೇಲೆ ಹೋಗಿ ಉನೊಕಿ ಅವರನ್ನ ಕೇಳಿ. ಮೀನಿನ ಪತ್ರಿಕೆಗೆ ಹೋಗೋ ಮುಂಚೆ ಅವರು ಇಲ್ಲೇ ಇದ್ರು,” ಎಂದಳು ಸೊನೊಬೆ.

ಯಾವ ಮಹಡಿಗೆ ಹೆದರಿದ್ದಳೋ ಅಲ್ಲಿಗೇ ಹತ್ತಿದಳು. ಈಗ ಮೀನಿನ ಪತ್ರಿಕೆಯ ಸಂಪಾದಕರಾದ ಉನೊಕಿ ಗಾಳದ ದಾರ ಬಿಡಿಸುತ್ತ ಕೂತಿದ್ದರು.

“ರುರಿಕೊನಾ? ಯಾವ ತಿಂಗಳ ರುರಿಕೊ?” ಎಂದರು.

ಮೂಲದ ಚಿತ್ರಗಾರ್ತಿ ಎರಡೇ ತಿಂಗಳಿಗೆ ಬೇರೆ ಪತ್ರಿಕೆಗೆ ಹೊರಟುಹೋದಳಂತೆ. ಹೆಸರು ಮಾತ್ರ ಕಂಪನಿಯದು. ಆಮೇಲೆ ಯಾರ ಕೈ ಬಿಡುವಾಗಿತ್ತೋ ಅವರೇ ಆ ತಿಂಗಳಿಗೆ ರುರಿಕೊ. ಕಡ್ಡಿ, ದಪ್ಪ, ಅಕ್ಕತಂಗಿ, ಎಲ್ಲವೂ ನಿಜವೇ.

ತೊಕಿಕೊ ಮೆಲ್ಲಗೆ ಕೇಳಿದಳು: “ರೈಲು ನಿಲ್ದಾಣದ ಪುಟ ಯಾರದು?”

“ಅದು ನಂದೇ. ಹುಡುಗನ ಬಾಯಿಗೆ ಮಾತೇ ಸಿಗ್ತಿರಲಿಲ್ಲ. ಅವತ್ತು ಬೆಳಿಗ್ಗೆ ಒಂದು ದೊಡ್ಡ ಮೀನು ಕೈಗೆ ಬಂದು ಜಾರಿತ್ತು. ‘ಹೋಗಬೇಡ, ಇದೇ ಜಾಗದಲ್ಲಿ ಜನ್ಮವೆಲ್ಲ ಕಾಯ್ತೀನಿ’ ಅಂತ ಅದಕ್ಕೆ ಅಂದಿದ್ದೆ. ಅದನ್ನೇ ಬರೆದೆ.”

ತೊಕಿಕೊಳ ಕಣ್ಣಿಂದ ನೀರು ಇಳಿಯಿತು. ಸಿಟ್ಟಿಗೋ ನಗುವಿಗೋ, ತಾನು ಬೇಡವೆಂದ ಆ ಇಬ್ಬರು ಗಂಡಸರಿಗೋ, ಅವಳಿಗೇ ತಿಳಿಯಲಿಲ್ಲ. ಉನೊಕಿ ಗಾಬರಿಯಾಗಿ ಗಾಳ ಒರೆಸುವ ಬಟ್ಟೆಯನ್ನೇ ಚಾಚಿದರು.

ತೊಕಿಕೊ ಕೆಳಗೆ ಬಂದು ರುರಿಕೊಗೊಂದು ಬದುಕು ಕಟ್ಟಿ ಬರೆದಳು: ಒಬ್ಬಳೇ ಕಿಟಕಿಯ ಬಳಿ ಕೂತು ಒಂದೇ ಒಂದು ಮಾತಿಗಾಗಿ ಕಾದವಳ ಬದುಕು. ಯೋಚಿಸಬೇಕಾಗಲೇ ಇಲ್ಲ, ಆ ಬದುಕು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಐದಕ್ಕೆ ಹತ್ತು ನಿಮಿಷವಿರುವಾಗಲೇ ಹಿಗಾಶಿದಾ ಓದಿ, ಮೂಗು ಒರೆಸಿಕೊಂಡು, ಬಹಳ ಚೆನ್ನಾಗಿದೆ ಎಂದರು.

“ಹಾಗಾದ್ರೆ ವರ್ಗಾವಣೆ ಪಟ್ಟಿ…”

“ಅದರಲ್ಲಿ ನಿಮ್ಮ ಹೆಸರು ಇರಲೇ ಇಲ್ಲ, ಅರಿಮುರಾ ಅವರೇ. ಈಗ ಸೇರಿಸಿದೆ. ಉನೊಕಿ ಫೋನ್ ಮಾಡಿದ್ರು. ತಪ್ಪಿಸಿಕೊಂಡ ಮೀನಿನ ಕತೆ ಕೇಳಿ ಅತ್ತವರನ್ನ ಅವರು ಮೂವತ್ತು ವರ್ಷದಲ್ಲಿ ನೋಡಿರಲಿಲ್ವಂತೆ. ಬೇರೆ ಯಾರೂ ಬೇಡ, ನೀವೇ ಬೇಕಂತೆ.”