ಮೊದಲ ಸಾಲಿನ ಸಹಿ

ಷಡಕ್ಷರಿಯವರು ಸತ್ತು ಏಳು ತಿಂಗಳಾಗಿದ್ದರೂ ದಿನಾ ಬೆಳಿಗ್ಗೆ ಎಂಟೂವರೆಗೆ ಲೈಬ್ರರಿಯಲ್ಲಿ ಅವರ ಸಹಿ ಬೀಳುತ್ತಿತ್ತು. ಹಾಕುತ್ತಿದ್ದವನು ಅಮರ್.

ಮೇಟಗಳ್ಳಿಯ ಆ ಒಂದು ಕೋಣೆಯ ಶಾಖಾ ಗ್ರಂಥಾಲಯದಲ್ಲಿ ಕಸ ಗುಡಿಸುವವನೂ ಅವನೇ, ಪುಸ್ತಕ ಕೊಡುವವನೂ ಅವನೇ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವನನ್ನು ಷಡಕ್ಷರಿಯವರೇ ಅಲ್ಲಿ ಕೂರಿಸಿ ಓದು ಹಿಡಿಸಿದ್ದರು. ನಲವತ್ತೈದು ವರ್ಷದ ಹಿಂದೆ ಫ್ಯಾಕ್ಟರಿಯ ಹನ್ನೊಂದು ಜನ, ವಾರಕ್ಕೊಂದು ರಜೆಯನ್ನೂ ಬಿಟ್ಟು, ತಲೆ ಮೇಲೆ ಇಟ್ಟಿಗೆ ಹೊತ್ತು ಕಟ್ಟಿ ಸರ್ಕಾರಕ್ಕೆ ಬರೆದುಕೊಟ್ಟ ಕೋಣೆ ಅದು. ಕಟ್ಟಿದವರಲ್ಲಿ ಒಬ್ಬರಾದರೂ ಬಂದು ಓದುತ್ತಿರುವವರೆಗೆ ಅದಕ್ಕೆ ಬೀಗ ಹಾಕುವಂತಿಲ್ಲ ಎಂದು ದಾನಪತ್ರದಲ್ಲಿದೆಯಂತೆ. ಅಂತೆ, ಅಷ್ಟೇ. ಪತ್ರ ದೊಡ್ಡಾಫೀಸಿನ ಬೀರುವಿನಲ್ಲಿತ್ತು. ಅದನ್ನು ಓದಿದವರು ಬೀದಿಯಲ್ಲಿ ಯಾರೂ ಇರಲಿಲ್ಲ. ಹತ್ತು ಜನ ಮೊದಲೇ ಹೋಗಿದ್ದರು. ಹನ್ನೊಂದನೆಯವರು ಷಡಕ್ಷರಿ. ಅದಕ್ಕೇ ಅಮರ್ ಓದುಗರ ಪುಸ್ತಕದ ಮೊದಲ ಸಾಲಿನಲ್ಲಿ ಅವರನ್ನು ಸಾಯಲು ಬಿಡಲಿಲ್ಲ.

ಮಿಕ್ಕ ಸಾಲುಗಳು ಖಾಲಿ. ಜನ ಬರುತ್ತಿರಲಿಲ್ಲವೆಂದಲ್ಲ. ಬರುತ್ತಿದ್ದರು, ಪೇಪರು ಓದುತ್ತಿದ್ದರು, ಫ್ಯಾನಿನ ಕೆಳಗೆ ಗೊರಕೆ ಹೊಡೆಯುತ್ತಿದ್ದರು. ಸಹಿ ಹಾಕಿ ಎಂದರೆ ಮಾತ್ರ ಕಾದ ಹೆಂಚು ಮುಟ್ಟಿದಂತೆ ಕೈ ಎಳೆದುಕೊಳ್ಳುತ್ತಿದ್ದರು. ಒಮ್ಮೆ ಯಾವನೋ ತಂದ ಕಾಗದಕ್ಕೆ ಸಹಿ ಹಾಕಿ ಅರ್ಧ ಬೀದಿ ಮನೆ ಮುಂದಿನ ಜಗಲಿ ಕಳೆದುಕೊಂಡಿತ್ತು.

ಆ ಮಂಗಳವಾರ ಒಂಬತ್ತು ಗಂಟೆಗೆ ದೊಡ್ಡಾಫೀಸಿನ ಅಧಿಕಾರಿ, ಷಡಕ್ಷರಿಯವರ ಮುಖವನ್ನೇ ನೋಡಿರದ ಶಿವಶಂಕರ್ ಫೋನು ಮಾಡಿದರು. "ಹನ್ನೊಂದಕ್ಕೆ ಬರ್ತಿದೀವಿ. ಷಡಕ್ಷರಿಯವ್ರನ್ನ ಕರೆಸಿರು. ಶಾಲು ಹೊದಿಸ್ಬೇಕು."

ಎರಡು ವರ್ಷದಿಂದ ಒಂದೂ ಹೊಸ ಪುಸ್ತಕ ಕಳಿಸದ ಆಫೀಸು. ಶಾಲಿಗೆ ಮಾತ್ರ ಅಲ್ಲಿ ಬರವಿಲ್ಲ.

ಲೈಬ್ರರಿ ಮೆಟ್ಟಿಲ ಮೇಲೆ ಸೊಪ್ಪು ಮಾರುವ ಸಾಕಮ್ಮ ಅವನ ಮುಖ ನೋಡಿದಳು. "ಏನ್ಲಾ, ಎಣ ಕಂಡೋನಂಗೆ ನಿಂತಿದೀಯ?"

"ಎಣಕ್ಕೆ ಶಾಲು ಹೊದಿಸ್ತಾರಂತೆ ಕಣಕ್ಕ," ಎಂದು ಅಮರ್ ಎಲ್ಲ ಹೇಳಿದ.

ಸಾಕಮ್ಮ ಫ್ಯಾನಿನ ಕೆಳಗೆ ಬಾಯಿ ತೆರೆದು ಮಲಗಿದ್ದ ಮಂಟೇಸ್ವಾಮಿಯತ್ತ ಗಲ್ಲ ಎತ್ತಿ ತೋರಿಸಿದಳು. ವಾಚ್‌ಮನ್ ಕೆಲಸದಿಂದ ನಿವೃತ್ತನಾದವನು. ಈಗ ಹಗಲೂ ನಿದ್ದೆ. "ಅಗೋ, ಅವ್ನಿಲ್ವಾ. ಅವನೂ ಅರ್ಧ ಎಣವೇ."

ಎಬ್ಬಿಸಿ ವಿಷಯ ಹೇಳಿದರೆ ಮಂಟೇಸ್ವಾಮಿ ಗೋಡೆಗೆ ಒತ್ತಿಕೊಂಡ. "ನಾನ್ ಸೈ ಗಿಯ್ ಹಾಕಕ್ಕಿಲ್ಲ."

"ನಿನ್ ಹೆಸ್ರಲ್ಲ ತಾತ, ಷಡಕ್ಷರಿಯೋರ ಹೆಸ್ರು."

"ಬ್ಯಾರೇರ ಹೆಸ್ರಾ? ಅಂಗಾದ್ರೆ ಎಷ್ಟ್ ಬೇಕೋ ಅಷ್ಟ್ ಹಾಕ್ತೀನಿ ಬುಡು."

ಹಳೇ ಪೇಪರಿನ ಅಂಚುಗಳಲ್ಲಿ ತಿದ್ದಿಸಿ ತಿದ್ದಿಸಿ ಹತ್ತು ಗಂಟೆ ಹೊತ್ತಿಗೆ ಸಹಿ ಎಷ್ಟು ಚೆನ್ನಾಗಿ ಕೂತಿತೆಂದರೆ ಅಮರನಿಗೇ ಹೊಟ್ಟೆಕಿಚ್ಚಾಯಿತು.

ಅಷ್ಟರಲ್ಲಿ ಎದುರು ಮನೆಯಿಂದ ಮಂಜುಳಮ್ಮ ಬಂದರು, ಷಡಕ್ಷರಿಯವರ ಹೆಂಡತಿ. ಬೈಸಿಕೊಳ್ಳಲು ಅಮರ್ ತಲೆ ತಗ್ಗಿಸಿದ. ಅವರ ಕೈಯಲ್ಲಿ ಗಂಡನ ಕೋಟು, ಕನ್ನಡಕ ಇದ್ದವು.

"ಸಾಯೋ ಹಿಂದಿನ ದಿನಾನೂ ಈ ಕೋಟಲ್ಲೇ ಬಂದಿದ್ರು ಕಣಪ್ಪ. ಇವತ್ತೂ ಬರ್ಲಿ," ಎಂದು ಮಂಟೇಸ್ವಾಮಿಗೆ ಕೋಟು ತೊಡಿಸಿ ತಾವೇ ಗುಂಡಿ ಹಾಕಿದರು.

"ಅಮರಾ, ಈ ಕನ್ನಡ್ಕದಲ್ಲಿ ಎಲ್ಲ ಮಂಜು ಮಂಜು ಕಣ್ಲಾ," ಎಂದ ಮಂಟೇಸ್ವಾಮಿ.

"ನಿಂಗ್ ಕಾಣೋದು ಬೇಡ. ಏನ್ ಕೇಳುದ್ರೂ ಹೂಂ ಅನ್ನು. ಬೆರಳು ಇಟ್ಟ ಕಡೆ ಸೈ ಹಾಕು."

ಜೀಪು ಬಂದೇಬಿಟ್ಟಿತು. ಗೋಡೆಯ ಮೇಲೆ ಷಡಕ್ಷರಿಯವರ ಫೋಟೋ, ಅದಕ್ಕೆ ಗಂಧದ ಹಾರ. ಸಾಕಮ್ಮ ಫೋಟೋ ಕಿತ್ತು ದಂಟಿನ ಸೊಪ್ಪಿನೊಳಗೆ ತುರುಕಿದಳು. ಹಾರ ಕೈಯಲ್ಲೇ ಉಳಿಯಿತು. ಶಿವಶಂಕರ್ ಹೊಸ್ತಿಲು ದಾಟುವಾಗ ಬೇರೆ ದಾರಿ ಕಾಣದೆ ಅದನ್ನು ಮಂಟೇಸ್ವಾಮಿಯ ಕೊರಳಿಗೇ ಹಾಕಿದಳು. ಏಳು ತಿಂಗಳ ಧೂಳು. ಅವನು ನಾಲ್ಕು ಸಲ ಸೀನಿದ.

"ಪರ್ವಾಗಿಲ್ವೇ, ಹಾರಾನೂ ರೆಡಿ ಮಾಡಿದೀರ," ಎಂದರು ಶಿವಶಂಕರ್. "ಷಡಕ್ಷರಿಯವ್ರೇ, ಆರೋಗ್ಯವಾ?"

"ಹೂಂ."

"ದಿನಾ ತಪ್ಪದೆ ಬರ್ತೀರಂತೆ."

"ಹೂಂ."

ಶಾಲು ಹೊದಿಸಿದರು, ಫೋಟೋ ತೆಗೆದರು. ಅಮರನನ್ನು ಕಾಫಿಗೆ ಕಳಿಸಿದರು. ಅವನು ಫ್ಲಾಸ್ಕು ಹಿಡಿದು ಮನಸ್ಸು ಹಗುರಾಗಿ ಬಂದಾಗ ಶಿವಶಂಕರ್ ಒಂದು ಕಾಗದದ ಮೇಲೆ ಉಫ್ ಎಂದು ಊದಿ ಶಾಯಿ ಆರಿಸುತ್ತಿದ್ದರು.

"ಒಳ್ಳೇ ಕೆಲ್ಸ ಆಯ್ತಪ್ಪ. ಬೀದಿದೀಪದ ಸಾಮಾನಿಗೆ ಗೋಡೌನ್ ಬೇಕಾಗಿತ್ತು. ಯಜಮಾನ್ರು ಕೋಣೆ ಬಿಟ್ಟುಕೊಟ್ರು. ತಿಂಗಳ ಕೊನೆಗೆ ಬೀಗದ ಕೈ ತಂದ್ಕೊಡು. ನಿನ್ ಕೆಲ್ಸಾನೂ ಅಲ್ಲಿಗೆ ಮುಗೀತು."

ಅಮರ್ ಫ್ಲಾಸ್ಕು ಕೆಳಗಿಟ್ಟ. "ಸರ್, ದಾನಪತ್ರದಲ್ಲಿ..."

"ಓದಿದೀನಿ. ಕಟ್ಟಿದೋರಲ್ಲಿ ಬದುಕಿರೋರು ಸೈ ಹಾಕುದ್ರೆ ಸಾಕು. ಯಾರೂ ಬದುಕಿಲ್ದೆ ಇದ್ರೆ ಬೀದೀಲಿರೋ ಪ್ರತಿ ಮನೆಯವ್ರೂ ಸೈ ಹಾಕ್ಬೇಕು." ಶಿವಶಂಕರ್ ನಕ್ಕರು. "ಇವ್ರು ತೀರ್ಕೊಂಡಿದ್ರೆ ಗತಿಯೇನು ಅಂತ ನಂಗೆ ನಿದ್ದೆ ಇರ್ಲಿಲ್ಲ. ನೂರಾ ಹದಿನೆಂಟು ಮನೆ. ಈ ಬೀದೀಲಿ ಒಂದು ಸೈ ಹುಟ್ಟುತ್ತೇನಯ್ಯಾ? ನಮ್ ಜನ್ಮದಲ್ಲಿ ಆಗ್ತಿರ್ಲಿಲ್ಲ. ತಿಂಗ್ಳು ತಿಂಗ್ಳು ಆಫೀಸಿಗೆ ಬರೋ ನಿನ್ ಓದುಗರ ಪುಸ್ತಕ ನೋಡಿದ್ಮೇಲೇ ಧೈರ್ಯ ಬಂದಿದ್ದು."

ಅವರು ಆ ಪುಸ್ತಕ ಬಿಡಿಸಿ ಹೊಸ ಸಹಿಯ ಪಕ್ಕಕ್ಕೆ ಹಿಡಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಇವರು ಷಡಕ್ಷರಿಯಲ್ಲ ಎನ್ನಲು ಅಮರ್ ಬಾಯಿ ತೆರೆದ. ಏಳು ತಿಂಗಳ ಮೊದಲ ಸಾಲುಗಳೆಲ್ಲ ಪೊಲೀಸರ ಸಾಲಿನಂತೆ ಕಣ್ಣ ಮುಂದೆ ನಿಂತವು. ಬಾಯಿ ಮುಚ್ಚಿ ಕಾಫಿ ಬಗ್ಗಿಸಿದ.

ಜೀಪು ಹೋಯಿತು. ಮಂಜುಳಮ್ಮ ಕೋಟು ಬಿಚ್ಚಿಸಿ, ಮಡಿಸಿ, ಎದೆಗವಚಿಕೊಂಡು ರಸ್ತೆ ದಾಟಿದರು. ಸಾಕಮ್ಮ ಸೊಪ್ಪು ಕೊಡವಿ ಫೋಟೋವನ್ನು ಮೊಳೆಗೆ ತೂಗುಹಾಕಿದಳು.

"ಅದ್ಕೇ ಕಣ್ಲಾ ನಾವ್ಯಾರೂ ಸೈ ಹಾಕದೇ ಇರೋದು," ಎಂದಳು.

ಮಂಟೇಸ್ವಾಮಿ ಶಾಲನ್ನು ಕಿವಿಯವರೆಗೂ ಎಳೆದುಕೊಂಡು ಫ್ಯಾನಿನ ಕೆಳಗೆ ಆಗಲೇ ಕಾಲು ಚಾಚಿದ್ದ.

"ಅಮರಾ, ನಾಳೀಕೂ ಸೈ ಹಾಕದೈತಾ?"